ವೈದ್ಯೆಯಾದ ಮೇಲೆ ಮತ್ತೆ ವಿದ್ಯಾರ್ಥಿನಿ



ವಿದ್ಯೆಯು ಕಳ್ಳರು ಕದಿಯಲಾಗದ ಧನವೆಂಬ ಮಾತನ್ನು ಕೇಳುತ್ತ ಬೆಳೆದವರು ನಾವು. ಮಾತು ನಿಜವೇ. ಆದರೆ ಈ ಧನವೂ ದೇಶದ ಗಡಿಯನ್ನು ದಾಟಿದೊಡನೆ ಚಲಾವಣೆ ಕಳೆದುಕೊಳ್ಳುವುದುಂಟೆಂಬುದನ್ನು ನಮ್ಮ ಮನೆಯ ಮಗಳೊಬ್ಬಳಿಂದ ನಾನು ತಿಳಿದುಕೊಂಡೆ. ಸುತ್ತೂರು ಮಠದ ಜೆ.ಎಸ್.ಎಸ್. ಮಹಾವಿದ್ಯಾಪೀಠವು ಮೈಸೂರಿನಲ್ಲಿ, ಮುರುಘಾ ಮಠದ ಎಸ್.ಜೆ.ಎಂ. ವಿದ್ಯಾಪೀಠವು ಚಿತ್ರದುರ್ಗದಲ್ಲಿ, ಕೆ.ಎಲ್.ಇ. ಸಂಸ್ಥೆಯು ಬೆಳಗಾವಿಯಲ್ಲಿ ದಂತವೈದ್ಯಕೀಯ ಕಾಲೇಜುಗಳನ್ನು ನಡೆಸುತ್ತಿವೆ. ಇಂತಹ ಕಾಲೇಜುಗಳಲ್ಲಿ ಓದಿ ಪರದೇಶಕ್ಕೆ ತೆರಳುವ ಮಕ್ಕಳು ತಮ್ಮ ಮನೆಗಳಲ್ಲಿಯೂ ಇರಬಹುದು. ಆದುದರಿಂದ ಈ ಸಂಗತಿಯನ್ನು ತಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ನಾನಿರುವುದು ಬೆಂಗಳೂರಿನ ಹೊಸೂರು ರಸ್ತೆಯ ಸಿಂಗಸಂದ್ರದಲ್ಲಿ. ಒಂದು ಬದಿಗೆ ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳು, ಇನ್ನೊಂದು ಬದಿಗೆ ಎಲೆಕ್ಟ್ರಾನಿಕ್ಸ್ ಸಿಟಿ. 2010ರಲ್ಲಿ ಮೇಲ್ಸೇತುವೆಯೂ 2025ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲೂ ಬಂದು ಹಳ್ಳಿಯ ಚಹರೆಯೇ ಮಾಸಿಹೋಗಿದೆ. ಇಲ್ಲಿಯ ಒಂದು ಓಣಿಯಲ್ಲಿ ನನ್ನ ತಂಗಿಯ ಮಗಳು ಆರು ವರ್ಷ ಹಲ್ಲಿನ ದವಾಖಾನೆ ನಡೆಸಿದಳು. ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಟ್ಟಡ ಕೆಲಸದವರು, ಕಂಪ್ಯೂಟರ್ ಕಂಪನಿಗಳ ನೌಕರರು, ಎಲ್ಲರಿಗೂ ಆಕೆ 'ಹಲ್ಲಿನ ಡಾಕ್ಟರಮ್ಮ'. ಆಕೆಯ ಪತಿಯನ್ನು ಕಂಪನಿಯವರು ಅಮೆರಿಕಕ್ಕೆ ಕಳುಹಿಸಿದಾಗ ದವಾಖಾನೆಯನ್ನು ಸಹಪಾಠಿಯೊಬ್ಬಳಿಗೆ ಒಪ್ಪಿಸಿ ಆಕೆಯೂ ಹೊರಟಳು. ಅಲ್ಲಿ ಇಳಿದ ದಿನದಿಂದ ಆಕೆ ಡಾಕ್ಟರಮ್ಮನಲ್ಲ. ಪತಿಯ ಅವಲಂಬಿತಳಾಗಿ ಹೋದ ಆಕೆಗೆ ದೊರೆತ ಬಗೆಯ ವೀಸಾದಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯುವ ಹಕ್ಕಿಲ್ಲ. ಇದ್ದರೂ ನಮ್ಮ ಬಿ.ಡಿ.ಎಸ್. ಪದವಿಯೊಂದರ ಬಲದಿಂದ ಅಲ್ಲಿ ಯಾರ ಹಲ್ಲನ್ನೂ ಮುಟ್ಟುವಂತಿಲ್ಲ.

ಅಲ್ಲಿಯ ಹೆಚ್ಚಿನ ರಾಜ್ಯಗಳು ತಮ್ಮ ಮಾನ್ಯತಾ ಆಯೋಗವು ಒಪ್ಪಿದ ಕಾಲೇಜಿನಲ್ಲಿ ಕಲಿತವರಿಗೆ ಮಾತ್ರ ಪರವಾನಗಿ ಕೊಡುತ್ತವೆ. ಆದ್ದರಿಂದ ಹೊರದೇಶದ ದಂತವೈದ್ಯರು ಮತ್ತೆ ಕಾಲೇಜು ಸೇರಿ, ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಓದಬೇಕು. ಆ ಬಾಗಿಲಿಗೆ ಹಲವು ಮೆಟ್ಟಿಲುಗಳುಂಟು. ಮೊದಲಿಗೆ ಇಲ್ಲಿಯ ಅಂಕಪಟ್ಟಿಗಳನ್ನು ಅಲ್ಲಿಯ ಸಂಸ್ಥೆಯಿಂದ ತೂಗಿಸಬೇಕು. ಅನಂತರ 2020ರಿಂದ ಜಾರಿಗೆ ಬಂದ ರಾಷ್ಟ್ರೀಯ ಮಂಡಳಿಯ ಸಂಯುಕ್ತ ಪರೀಕ್ಷೆ. ಎರಡು ದಿನ, 500 ಪ್ರಶ್ನೆಗಳು. ಇಂಗ್ಲಿಷ್ ಭಾಷೆಯ ಪರೀಕ್ಷೆ ಬೇರೆ. ಬಹುಪಾಲು ಕಾಲೇಜುಗಳಿಗೆ ಒಂದೇ ಕೇಂದ್ರ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅದರೊಡನೆ ಗುರುಗಳ ಶಿಫಾರಸು ಪತ್ರಗಳು ಮತ್ತು ತನ್ನ ವಿಷಯವಾಗಿ ತಾನೇ ಬರೆದ ನಿವೇದನೆ. ಸಂದರ್ಶನಕ್ಕೆ ಕರೆ ಬಂದರೆ ಅನೇಕ ಕಡೆ ಕೈಕೆಲಸದ ಪರೀಕ್ಷೆಯೂ ಉಂಟು. ಕೃತಕ ದವಡೆಯಲ್ಲಿ ಕೂರಿಸಿದ ಪ್ಲಾಸ್ಟಿಕ್ ಹಲ್ಲನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊರೆದು, ಕ್ಯಾಪ್ ಕೂರಿಸಲು ತಕ್ಕಂತೆ ತಯಾರು ಮಾಡಿ ತೋರಿಸಬೇಕು. ಸಾವಿರಾರು ಬಾಯಿಗಳನ್ನು ನೋಡಿದ ಕೈಗೆ ಇದು ಅಕ್ಷರಾಭ್ಯಾಸವೇ ಸರಿ.

ಈ ಪಟ್ಟಿಯನ್ನು ಕೇಳಿದ ನಮ್ಮ ಭಾವನವರಿಗೆ ಕೋಪ ಬಂದಿತು. "ಐದು ವರ್ಷ ಓದಿಸಿದ್ದೇವೆ, ಆರು ವರ್ಷ ದುಡಿದಿದ್ದಾಳೆ. ಮತ್ತೆ ಇಪ್ಪತ್ತರ ಮಕ್ಕಳ ಸಾಲಿನಲ್ಲಿ ಕೂರುವುದೆಂದರೆ ನಮ್ಮ ಓದಿಗೆ ಅವಮಾನವಲ್ಲವೇ?" ಎಂದರು. ಅವರ ನೋವು ಸುಳ್ಳಲ್ಲ. ಆದರೆ ಮಠದ ಪ್ರಸಾದ ನಿಲಯದಲ್ಲಿ ಬೆಳೆದ ನಾವು ಬಲ್ಲೆವು: ಅಲ್ಲಿ ಪಟೇಲರ ಮಗನೂ ಕೂಲಿಯವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತರು, ಅದರಿಂದ ಯಾರ ಗೌರವವೂ ಕುಗ್ಗಲಿಲ್ಲ. ಅದೂ ಅಲ್ಲದೆ, ರೋಗಿಯು ವೈದ್ಯನ ಕೈಯನ್ನು ಪರೀಕ್ಷಿಸಲಾರ. ಅವನ ಪರವಾಗಿ ಸಮಾಜವೇ ಪರೀಕ್ಷಿಸಬೇಕು. ನಮ್ಮ ದೇಶದಲ್ಲಿ 1948ರ ದಂತವೈದ್ಯರ ಕಾಯ್ದೆ ಹುಟ್ಟಿದ್ದೂ ಇದೇ ಕಾರಣಕ್ಕೆ. ಭಾರತದ ಮೊದಲ ದಂತವೈದ್ಯಕೀಯ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಡಾ. ರಫಿಯುದ್ದೀನ್ ಅಹಮದರು ಆ ವಿದ್ಯೆಗಾಗಿ ಅಮೆರಿಕದ ಅಯೋವಾದವರೆಗೆ ಹೋಗಿ ವಿದ್ಯಾರ್ಥಿಯಾಗಿಯೇ ಕುಳಿತವರು.

ಪರೀಕ್ಷೆಯನ್ನು ಅಲ್ಲಿಯೇ ಬರೆದು ಮುಗಿಸಿ, ಪತ್ರಗಳನ್ನು ಹೊಂದಿಸಲೆಂದು ಆಕೆ ಎರಡು ತಿಂಗಳು ಸಿಂಗಸಂದ್ರಕ್ಕೆ ಬಂದಿದ್ದಳು. ಪರೀಕ್ಷೆಗೆ ಹೆದರದ ಹುಡುಗಿ ನಿವೇದನೆಯ ಎದುರು ಸೋತು ಕುಳಿತಳು. ಆತ್ಮಪ್ರಶಂಸೆ ಸಲ್ಲದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಈ ಅರ್ಜಿಯೋ, ನೀನು ಯಾರು, ನಿನ್ನನ್ನೇ ಏಕೆ ಆರಿಸಬೇಕು ಎಂದು ಕೇಳುತ್ತದೆ. "ಮಾವ, ಬರೆದದ್ದೆಲ್ಲ ಜಂಬದಂತೆ ಕಾಣಿಸುತ್ತದೆ; ಜಂಬ ತೆಗೆದರೆ ಏನೂ ಉಳಿಯುವುದಿಲ್ಲ" ಎಂದಳು.

ಈ ಇಕ್ಕಟ್ಟಿಗೆ ಪೇಟೆಯಲ್ಲಿ ಸುಲಭ ಪರಿಹಾರವಿದೆ. ಅರ್ಜಿಗಳನ್ನು ತಯಾರಿಸಿಕೊಡುವ ದಲ್ಲಾಳಿಯೊಬ್ಬರು ಹಣ ಕೊಟ್ಟರೆ ನಿವೇದನೆಯನ್ನೂ, ಗುರುಗಳು ಸಹಿ ಮಾಡಿದರೆ ಸಾಕೆನ್ನುವಂತಹ ಶಿಫಾರಸು ಪತ್ರಗಳನ್ನೂ ಬರೆದುಕೊಡುವುದಾಗಿ ಹೇಳಿದರು. ಮಾದರಿಯೊಂದನ್ನೂ ಕೊಟ್ಟರು. ಅದರಲ್ಲಿ ಬಾಲ್ಯದಲ್ಲಿ ಅಜ್ಜಿಯ ಹಲ್ಲುನೋವನ್ನು ಕಂಡು ವೈದ್ಯೆಯಾಗಲು ಪಣ ತೊಟ್ಟ ಕಥೆಯಿತ್ತು. ನಮ್ಮ ಅಜ್ಜಿಗೆ ಕೊನೆಯವರೆಗೂ ಹಲ್ಲು ಗಟ್ಟಿಯಾಗಿದ್ದವು! ಆಕೆ ಆ ಹಾಳೆಯನ್ನು ಮಡಿಸಿಟ್ಟು ಬಿಟ್ಟಳು.

ಆಗ ನಾನು ಹೇಳಿದ್ದು ಇಷ್ಟೇ: "ನಿನ್ನನ್ನು ಹೇಳಬೇಡ ಮಗೂ, ನಿನ್ನ ಕಾಯಕವನ್ನು ಹೇಳು." ಕಾಯಕವನ್ನು ನೋಡಿದ್ದನ್ನು ನೋಡಿದಂತೆ ಹೇಳುವುದು ಆತ್ಮಪ್ರಶಂಸೆಯಾಗದು. ಆಯ್ದಕ್ಕಿ ಲಕ್ಕಮ್ಮ, ನುಲಿಯ ಚಂದಯ್ಯ ಮೊದಲಾದ ಶರಣರ ಹೆಸರಿನಲ್ಲಿಯೇ ಅವರ ಕೆಲಸ ನಿಂತಿದೆಯಲ್ಲವೇ? ಆಕೆ ಮತ್ತೆ ಬರೆಯಲು ಕುಳಿತಳು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಒಂದು ದಿನದ ಕೂಲಿ ಹೋಗುವುದೆಂದು ನೋವನ್ನು ಮಾತ್ರೆಯಲ್ಲಿ ಮುಚ್ಚಿಟ್ಟು, ಕೊನೆಗೆ ಹಲ್ಲನ್ನು ಕೀಳಿಸಲು ಬರುತ್ತಿದ್ದುದು. ಅವರಿಗಾಗಿ ಭಾನುವಾರ ಬಾಗಿಲು ತೆರೆದದ್ದು. ರೂಟ್ ಕೆನಾಲ್ ಚಿಕಿತ್ಸೆಯ ಹಣವನ್ನು ಕಂತಿನಲ್ಲಿ ಪಡೆದದ್ದು. ಗುಟ್ಕಾ ಅಗಿಯುವ ಕೂಲಿಯವನ ಕೆನ್ನೆಯೊಳಗೆ ಬಿಳಿಯ ಮಚ್ಚೆ ಕಂಡು, ಅವನು ಒಲ್ಲೆನೆಂದರೂ ದೊಡ್ಡಾಸ್ಪತ್ರೆಗೆ ಕಳುಹಿಸಿದ್ದು. ತನ್ನ ದವಾಖಾನೆಯಲ್ಲಿ ಇಲ್ಲದಿದ್ದ ಯಂತ್ರಗಳಾವುವು, ತಾನು ಇನ್ನೂ ಕಲಿಯಬೇಕಾದುದೇನು ಎಂಬುದನ್ನೂ ಸಂಕೋಚವಿಲ್ಲದೆ ಬರೆದಳು. ಓದಿ ಹೇಳಿದಾಗ ನಮ್ಮ ಭಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಮಗಳು ಆರು ವರ್ಷ ಮಾಡಿದ ಕೆಲಸವೇನೆಂಬುದು ತಂದೆಗೆ ಅಂದೇ ತಿಳಿದಂತಿತ್ತು.

ಹಣದ ಮಾತನ್ನೂ ಮುಚ್ಚಿಡಬಾರದು. ಇಡೀ ಓದಿನ ಶುಲ್ಕ ಒಂದು ಲಕ್ಷ ಡಾಲರನ್ನು ಮೀರುವುದು ಅಲ್ಲಿ ಅಪರೂಪವಲ್ಲ. ಭಾವನವರು ತೆಂಗಿನ ತೋಟವನ್ನು ಮಾರಲು ಸಿದ್ಧರಾದರು. ಆಕೆ ಒಪ್ಪಲಿಲ್ಲ, ಸೀಟು ದೊರೆತ ಮೇಲೆ ಸಾಲದ ಲೆಕ್ಕ ಹಾಕೋಣ, ಅದಕ್ಕೆ ಮೊದಲು ಒಂದು ಮರವನ್ನೂ ಮಾರಬೇಡಿ ಎಂದಳು. ಎಲ್ಲ ದೇಶಗಳ ದಾರಿಯೂ ಒಂದೇ ಅಲ್ಲ. ಕೆನಡಾದಲ್ಲಿ ಮಂಡಳಿಯ ಪರೀಕ್ಷೆಗಳನ್ನು ತೇರ್ಗಡೆಯಾದರೆ ಮತ್ತೆ ಕಾಲೇಜು ಸೇರದೆಯೂ ಪರವಾನಗಿಗೆ ದಾರಿಯುಂಟು. ಬ್ರಿಟನ್ನಿನಲ್ಲಿಯೂ ಹೊರದೇಶದ ವೈದ್ಯರಿಗೆ ಎರಡು ಭಾಗಗಳ ಪರೀಕ್ಷೆಯಿದೆ. ತಂದೆತಾಯಿಗಳು ಹೊಲಮನೆಯ ಮೇಲೆ ಕೈಯಿಡುವ ಮುನ್ನ ಇವೆಲ್ಲವನ್ನೂ ವಿಚಾರಿಸಿ ನೋಡುವುದು ಒಳಿತು.

ಆಕೆಯ ಅರ್ಜಿಗಳು ಹೋಗಿವೆ. ಒಂದು ಕಾಲೇಜು ಈಗಾಗಲೇ ಒಲ್ಲೆನೆಂದಿದೆ. ಉಳಿದವುಗಳಿಂದ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ ವರ್ಷ ಮತ್ತೆ ಬರೆಯುವೆನೆಂದು ಹೇಳಿದ್ದಾಳೆ. ತಮ್ಮ ಮನೆಯ ಮಕ್ಕಳೂ ಇಂತಹ ಅರ್ಜಿಯ ಮುಂದೆ ಕುಳಿತಿದ್ದರೆ ಅವರಿಗೆ ಎರಡು ಮಾತು ಹೇಳಿರಿ: ಮತ್ತೆ ವಿದ್ಯಾರ್ಥಿಯಾಗುವುದಕ್ಕೆ ನಾಚಬೇಡಿ, ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯಬೇಡಿ. ಸೀಟು ಸಿಕ್ಕಲಿ, ಸಿಕ್ಕದಿರಲಿ, ಆ ಕಾಗದವನ್ನು ಗುರುಗಳ ಮುಂದೆ ತಲೆಯೆತ್ತಿ ಓದುವಂತಿರಬೇಕು.