ಸಾವ್ವಾ ಬೀದಿಯ 13ನೇ ನಂಬರಿನ ಮನೆ

ಪ್ಯಾರಿಸ್ಸಿಗೆ ಹೋದವರು ಮೊದಲು ನೋಡುವುದು ಐಫೆಲ್ ಗೋಪುರವನ್ನು. ನಾನೂ ಅದನ್ನೇ ನೋಡಿದೆ. 1889ರಲ್ಲಿ ಗೋಪುರ ಎದ್ದಾಗ ಅದರ ಮೊದಲ ಅಂತಸ್ತಿನ ಸುತ್ತ 72 ಮಂದಿ ವಿಜ್ಞಾನಿ, ಎಂಜಿನಿಯರುಗಳ ಹೆಸರು ಬರೆಸಿದರು. ಅಲ್ಲಿ ಕೆಲಸದಲ್ಲಿರುವ ನನ್ನ ಮಗಳು ಕತ್ತೆತ್ತಿ ತೋರಿಸುತ್ತಾ, "ಅಪ್ಪಾ, ಆಗ ಬರೆಸಿದ ಪಟ್ಟಿಯಲ್ಲಿ ಸೋಫಿ ಜರ್ಮೇನ್ ಇಲ್ಲ, ಗೊತ್ತಾ?" ಎಂದಳು. ಲೋಹ ಎಷ್ಟು ಬಾಗುತ್ತದೆ, ಹೇಗೆ ಕಂಪಿಸುತ್ತದೆ ಎಂಬ ಲೆಕ್ಕಕ್ಕೆ ದಾರಿ ತೋರಿದವರಲ್ಲಿ ಸೋಫಿಯೂ ಒಬ್ಬಳು. ಕಬ್ಬಿಣದ ಗೋಪುರಕ್ಕೆ ಅವಳೇ ನೆನಪಾಗಲಿಲ್ಲ!

ಮರುದಿನ ಸೋಫಿಯನ್ನು ಹುಡುಕಿಕೊಂಡು ಹೊರಟೆವು. ಸೇನ್ ನದಿಯ ಎಡದಂಡೆಗೆ ಸಮೀಪದಲ್ಲೇ ಸಾವ್ವಾ ಎಂಬ ಪುಟ್ಟ ಬೀದಿ. 13ನೇ ನಂಬರಿನ ಮನೆಯ ಗೋಡೆಯಲ್ಲೊಂದು ಫಲಕ. ಗಣಿತಜ್ಞೆ ಸೋಫಿ 1831ರ ಜೂನ್ 27ರಂದು ತೀರಿಕೊಂಡದ್ದು ಇಲ್ಲೇ.

ಆಕೆ ಹುಟ್ಟಿದ್ದು 1776ರಲ್ಲಿ, ಪ್ಯಾರಿಸ್ಸಿನ ರೇಷ್ಮೆ ವ್ಯಾಪಾರಿಯ ಮನೆಯಲ್ಲಿ. 1789ರಲ್ಲಿ ಕ್ರಾಂತಿ ಸಿಡಿದಾಗ ಹದಿಮೂರರ ಹುಡುಗಿ ಮನೆಯಿಂದ ಹೊರಗೆ ಕಾಲಿಡುವಂತಿರಲಿಲ್ಲ. ತಂದೆಯ ಪುಸ್ತಕಗಳೇ ಜೊತೆ. ರೇಖಾಗಣಿತದಲ್ಲಿ ಮುಳುಗಿದ್ದ ಆರ್ಕಿಮಿಡೀಸ್ ರೋಮನ್ ಸೈನಿಕನಿಗೆ ಬಲಿಯಾದ ಕಥೆ ಓದಿದಳು. ಜೀವದ ಹಂಗನ್ನೂ ಮರೆಸುವ ವಿದ್ಯೆ ಎಂಥದ್ದಿರಬೇಕು ಎಂದು ಗಣಿತ ಹಿಡಿದಳು.

ಹೆಣ್ಣುಮಗಳಿಗೆ ಇದು ತಕ್ಕದ್ದಲ್ಲವೆಂದು ಹೆತ್ತವರು ರಾತ್ರಿ ದೀಪ, ಬೆಂಕಿ, ಬೆಚ್ಚನೆಯ ಬಟ್ಟೆಗಳನ್ನೆಲ್ಲ ತೆಗೆದಿಡುತ್ತಿದ್ದರಂತೆ. ಹುಡುಗಿ ಮೊಂಬತ್ತಿ ಬಚ್ಚಿಟ್ಟುಕೊಂಡು, ಹೊದಿಕೆ ಸುತ್ತಿಕೊಂಡು ಓದಿದಳು. ಒಂದು ಬೆಳಿಗ್ಗೆ ನೋಡಿದರೆ ಮೇಜಿನ ಮೇಲೇ ನಿದ್ದೆಹೋಗಿದ್ದಾಳೆ; ದೌತಿಯ ಶಾಯಿ ಹೆಪ್ಪುಗಟ್ಟಿದೆ. ಹೆತ್ತವರು ಸೋತರು. ಮುಂದೆ ಜೀವಮಾನವಿಡೀ ಅವಳನ್ನು ಪೋಷಿಸಿದ್ದೂ ಅದೇ ತಂದೆ.

1794ರಲ್ಲಿ ತೆರೆದ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಸೋಫಿ ಉಪನ್ಯಾಸಗಳ ಟಿಪ್ಪಣಿ ತರಿಸಿಕೊಂಡು, 'ಲೆಬ್ಲಾಂ' ಎಂಬ ಗಂಡು ಹೆಸರಿನಲ್ಲಿ ಉತ್ತರ ಬರೆದು ಕಳುಹಿಸಿದಳು. ಮಹಾಗಣಿತಜ್ಞ ಲಗ್ರಾಂಜ್ ಬೆರಗಾಗಿ, ನಿಜ ತಿಳಿದ ಮೇಲೂ ಬೆನ್ನುತಟ್ಟಿದರು. ಜರ್ಮನಿಯ ಗೌಸ್‌ಗೂ 1804ರಿಂದ ಅದೇ ಹೆಸರಿನಲ್ಲಿ ಪತ್ರ ಬರೆದಳು. 1807ರಲ್ಲಿ ಗುಟ್ಟು ತಿಳಿದಾಗ ಗೌಸ್‌ಗೆ ಅವಳ ಮೇಲಿನ ಗೌರವ ಇಮ್ಮಡಿಸಿತು.

ತಗಡಿನ ಮೇಲೆ ಮರಳು ಚೆಲ್ಲಿ, ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ಸುಂದರ ಚಿತ್ತಾರವಾಗುತ್ತದೆ. ಕ್ಲಾಡ್ನಿ ತೋರಿಸಿದ ಈ ಆಟದ ಹಿಂದಿನ ಗಣಿತ ಬಿಡಿಸಿದವರಿಗೆ ಫ್ರೆಂಚ್ ವಿಜ್ಞಾನ ಅಕಾಡೆಮಿ ಬಹುಮಾನ ಸಾರಿತು. ಸೋಫಿ ಎರಡು ಸಲ ಸೋತು, ಮೂರನೆಯ ಸಲ, 1816ರಲ್ಲಿ ಗೆದ್ದಳು. ಶಾಲೆಯ ಮೆಟ್ಟಿಲು ಹತ್ತದವಳ ಕೆಲಸದಲ್ಲಿ ತಪ್ಪುಗಳೂ ಇದ್ದವು. ತಿದ್ದುವ ಗುರು ಸದಾ ಪಕ್ಕದಲ್ಲಿದ್ದಿದ್ದರೆ? ಆಕೆಯ ಮರಣದ ದಾಖಲೆಯಲ್ಲೂ ವೃತ್ತಿ 'ಗಣಿತಜ್ಞೆ' ಎಂದಿಲ್ಲ. ಆಸ್ತಿಯ ಆದಾಯದಿಂದ ಬದುಕಿದವಳು ಎಂದಿದೆ.

ಫಲಕದ ಮುಂದೆ ನಿಂತಾಗ ನನಗೆ ನನ್ನ ಮಾತೇ ನೆನಪಾಯಿತು. ಎಂ.ಎಸ್ಸಿ. ಗಣಿತಕ್ಕೆ ಸೇರುತ್ತೇನೆಂದ ಮಗಳಿಗೆ, "ನಿನಗೇಕಮ್ಮಾ ಅಷ್ಟೆಲ್ಲ? ಬಿ.ಇಡಿ. ಮಾಡಿಬಿಡು, ಸಾಕು" ಎಂದಿದ್ದೆ. ವಿಜ್ಞಾನದ ಮೇಷ್ಟ್ರು ನಾನು! ಅವಳು ಹಟ ಬಿಡಲಿಲ್ಲ, ಸದ್ಯ. "ಅವತ್ತು ನಾನೂ ದೀಪ ತೆಗೆದಿಟ್ಟಿದ್ದೆ, ಅಲ್ಲವೇನೇ?" ಎಂದೆ. ಅವಳು ನಕ್ಕು, "ಮಾರನೇ ದಿನ ಫೀಸು ಕಟ್ಟಿದ್ದೂ ನೀವೇ ಅಲ್ವಾ ಅಪ್ಪಾ" ಎಂದಳು.

ಇಂದು ಪ್ಯಾರಿಸ್ಸಿನಲ್ಲಿ ಸೋಫಿಯ ಹೆಸರಿನ ಶಾಲೆಯಿದೆ, ಬೀದಿಯಿದೆ. ಸಂಖ್ಯೆಗಳೂ ಇವೆ. ಒಂದು ಅವಿಭಾಜ್ಯ ಸಂಖ್ಯೆಯನ್ನು ಇಮ್ಮಡಿಸಿ ಒಂದು ಕೂಡಿಸಿದಾಗ ಬಂದದ್ದೂ ಅವಿಭಾಜ್ಯವಾದರೆ, ಮೊದಲಿನದು ಸೋಫಿ ಜರ್ಮೇನ್ ಅವಿಭಾಜ್ಯ. 11 ಅಂಥದ್ದು, ಏಕೆಂದರೆ 23 ಕೂಡ ಅವಿಭಾಜ್ಯ. 7 ಅಲ್ಲ, 15 ಬರುತ್ತದೆ. ಫರ್ಮಾನ ಹೆಸರಾಂತ ಪ್ರಮೇಯವನ್ನು ಬಿಡಿಸಹೊರಟಾಗ ಆಕೆಗೆ ನೆರವಾದವು ಇವು. ಆ ಪ್ರಮೇಯದ ಪೂರ್ಣ ಸಾಧನೆ ಪ್ರಕಟವಾದದ್ದು 1995ರಲ್ಲಿ.

ಮಕ್ಕಳೇ, ನೂರರೊಳಗೆ ಇಂಥವು ಹತ್ತು ಇವೆ, ಹುಡುಕಿ ನೋಡಿ. ರಾತ್ರಿ ಸ್ವಲ್ಪ ತಡವಾದರೂ, ತಂದೆತಾಯಿಯರೇ, ದೀಪ ಆರಿಸಬೇಡಿ.