ವಿಸ್ಕಾನ್ಸಿನ್‌ನ ಎರಡು ಕೋವಿ

ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರದಿಂದ ಒಂಬತ್ತು ದಿನ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೋವಿಯ ಜಿಂಕೆ ಬೇಟೆ. ಕಾಡಿನ ತುಂಬ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್‌ಗಳು. 1972ರ ಕಾಯ್ದೆಯಿಂದ ಬೇಟೆ ನಿಂತ ದೇಶದವನು ನಾನು, ಬೆರಗಾಗಿ ನೋಡ್ತಿದ್ದೆ.

ಸೀಸನ್‌ಗೆ ಮೊದಲು ಸಹೋದ್ಯೋಗಿಯೊಬ್ಬರು ಮಗಳಿಗೆ ರೈಫಲ್ ಆರಿಸೋಕೆ ಶೂಟಿಂಗ್ ರೇಂಜ್‌ಗೆ ಹೊರಟಾಗ ನಾನೂ ಜೊತೆಗೂಡಿದೆ. ಎರಡೂ ಬೋಲ್ಟ್ ಆ್ಯಕ್ಷನ್. ಒಂದು ಅವರಜ್ಜನ ವಿಂಚೆಸ್ಟರ್ ಮಾಡೆಲ್ 70, ಪಾಯಿಂಟ್ 30-06 ಗುಂಡಿನದು. ಇನ್ನೊಂದು ರೆಮಿಂಗ್ಟನ್ 700, ಸಣ್ಣ ಪಾಯಿಂಟ್ 243 ಗುಂಡಿನದು.

ಹುಡುಗಿಗೆ ಅಜ್ಜನದ್ದೇ ಆಸೆ. ಆದ್ರೆ ಹೆಗಲಿಗೆ ಬೀಳೋ ಅದರ ಒದೆತಕ್ಕೆ ಹೆದರಿ ಪ್ರತಿ ಸಲ ಕಣ್ಣು ಮುಚ್ಚಿಬಿಡ್ತಿದ್ಲು. ಗುರಿ ತಪ್ಪುತ್ತಿತ್ತು. 243ರಲ್ಲಿ ಗುಂಡುಗಳು ಒಂದೇ ಕಡೆ ಬಿದ್ದವು.

"ಗುರಿ ತಪ್ಪಿದ್ರೆ ಜಿಂಕೆ ಗಾಯದಲ್ಲೇ ಓಡಿಹೋಗಿ ನರಳುತ್ತೆ," ಅಂದ್ರು ಅಪ್ಪ. ಅವಳು ಸುಮ್ಮನೆ 243 ಎತ್ತಿಕೊಂಡಳು.

ನಾನು ಬೇಟೆಗೆ ಹೋಗಲಿಲ್ಲ. ಆ ಮಾತು ಮಾತ್ರ ಜೊತೆಗೇ ಬಂತು.