ಇಶಾಪುರದ ತ್ರೀ ನಾಟ್ ತ್ರೀ

ಓಹಾಯೋದ ಒಂದು ಬಂದೂಕು ಮೇಳ. ಮೇಜಿಗೆ ಒರಗಿಸಿಟ್ಟಿದ್ದ ಹಳೆಯ ರೈಫಲ್ಲಿನ ಬೋಲ್ಟ್ ಹಿಡಿಯ ಕೆಳಗೆ ಬೆರಳಾಡಿಸಿದೆ. ಗ್ರೀಸೂ ಧೂಳೂ ಬೆರೆತು ಹೆಪ್ಪುಗಟ್ಟಿ ಕೂತಿತ್ತು. ಮಾರುವವರನ್ನು ಕೇಳಿಕೊಂಡು ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಮೊದಲು ಒಂದು ಕಿರೀಟ ಕಂಡಿತು. ಅದರಡಿ ಜಿ.ಆರ್.ಐ. ಎಂಬ ಅಕ್ಷರಗಳು, ಜಾರ್ಜ್ ದೊರೆಯ ಗುರುತು. ಆಮೇಲೆ ಇಶಾಪುರ, ಬಂಗಾಳದ ರೈಫಲ್ ಕಾರ್ಖಾನೆಯ ಊರು. ಇಸವಿ 1942. ಕೊನೆಗೆ ರೋಮನ್ ಮೂರು, ಅದರ ಮಗ್ಗುಲಲ್ಲೊಂದು ನಕ್ಷತ್ರ. ಮೈ ಜುಮ್ಮೆಂದಿತು.

ಹಾಸನದಲ್ಲಿ ಕಾಲೇಜು ಓದುವಾಗ ಎನ್‌.ಸಿ.ಸಿ. ಪರೇಡಿಗೆ ನಮ್ಮ ಕೈಗೆ ಬರುತ್ತಿದ್ದದ್ದು ಇದೇ ತ್ರೀ ನಾಟ್ ತ್ರೀ. ಹೆಚ್ಚುಕಡಿಮೆ ನಾಲ್ಕು ಕಿಲೋ ತೂಕ. ಹವಾಲ್ದಾರರು 'ಸಲಾಮಿ ಶಸ್ತ್ರ' ಎಂದು ಕೂಗಿದ ಕೂಡಲೇ ಮುಂಗೈ ಸೋಲುತ್ತಿತ್ತು. ಅದರ ಮೇಲೆ ಡಿ.ಪಿ. ಎಂದು ಒತ್ತಿತ್ತು, ಕವಾಯತಿಗಷ್ಟೇ, ಗುಂಡು ಹಾರಿಸುವಂತಿಲ್ಲ ಎಂದು ಅರ್ಥ. ಇಲ್ಲಿ ಅಮೆರಿಕದ ಮೇಳಗಳಲ್ಲೂ ಆ ಎರಡು ಅಕ್ಷರ ಕಂಡರೆ ಗೋಡೆಗೆ ತೂಗುಹಾಕಲು ಮಾತ್ರ ಕೊಳ್ಳಬೇಕು.

ಆ ನಕ್ಷತ್ರದ ಕಥೆ ನನಗೆ ಎಷ್ಟು ಹೇಳಿದರೂ ಸಾಲದು. 1907ರಲ್ಲಿ ಈ ಮೂರನೆಯ ಮಾದರಿಯ ರೈಫಲ್ ಬಂದಾಗ ಅದಕ್ಕೆ ಒಡವೆಗಳು ಬಹಳ. ಮ್ಯಾಗಜೀನಿನ ಹತ್ತು ಗುಂಡನ್ನು ತಡೆದಿಟ್ಟು ಒಂದೊಂದಾಗಿ ತುಂಬುವುದಕ್ಕೆ ಒಂದು ತಗಡು, ಪಡೆಯೆಲ್ಲ ಒಟ್ಟಾಗಿ ಬಲುದೂರಕ್ಕೆ ಹಾರಿಸಲು ಮಗ್ಗುಲಲ್ಲೊಂದು ಬೇರೆ ಗುರಿಪಟ್ಟಿ, ಗಾಳಿಗೆ ತಕ್ಕಂತೆ ಗುರಿ ಸರಿಸುವ ತಿರುಪು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಇವು ಯಾವುವೂ ಬೇಕಾಗಲಿಲ್ಲ. ಬೇಕಾದದ್ದು ರೈಫಲ್, ಅದೂ ಬೇಗ. 1916ರಲ್ಲಿ ಇವನ್ನೆಲ್ಲ ಕೈಬಿಟ್ಟು, ಹಾಗೆ ಬಿಟ್ಟದ್ದರ ಗುರುತಿಗೆ ಒಂದು ನಕ್ಷತ್ರ ಒತ್ತಿದರು. ಶಾಸನ ಓದುವವರಿಗೆ ಒಂದು ಬಿರುದಿನಲ್ಲಿ ಅರಸನ ಕಾಲವೇ ಸಿಗುವಂತೆ, ನನಗೆ ಆ ಚುಕ್ಕಿಯಲ್ಲಿ ಒಂದು ಯುದ್ಧದ ಅವಸರವೆಲ್ಲ ಸಿಗುತ್ತದೆ.

ಓದು ಅಲ್ಲಿಗೇ ಮುಗಿಯುವುದಿಲ್ಲ. ಬೋಲ್ಟಿನ ಮೇಲಿನ ಸಂಖ್ಯೆಯೂ ಮೈಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಮೂತಿಯ ಕವಚ, ಗುರಿಪಟ್ಟಿ, ಮುಂಗಟ್ಟಿನ ಮರದ ಮೇಲೂ ಅದೇ ಇದ್ದರೆ ಅಪರೂಪದ ಭಾಗ್ಯ. ನಾನು ಕೊಂಡ ಮೊದಲ ರೈಫಲ್ಲಿನಲ್ಲಿ ಎಲ್ಲವೂ ಹೊಂದಿದ್ದವು. ಮನೆಗೆ ತಂದು ದೀಪಕ್ಕೆ ಓರೆಯಾಗಿ ಹಿಡಿದಾಗ ಬೋಲ್ಟಿನ ಅಂಕಿಗಳ ಕೆಳಗೆ ಅರದಿಂದ ಉಜ್ಜಿದ ತಗ್ಗು ಕಂಡಿತು. ಹಳೆಯ ಸಂಖ್ಯೆ ಅಳಿಸಿ ಹೊಸದನ್ನು ಹೊಡೆದಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ಹೋದ ಹಣಕ್ಕಿಂತ, ಸುಳ್ಳು ಬರೆದರಲ್ಲ ಎಂಬ ಸಂಕಟ ದೊಡ್ಡದಾಗಿತ್ತು. ಈಗ ಜೇಬಿನಲ್ಲಿ ಭೂತಗನ್ನಡಿಯೂ ಪುಟ್ಟ ಟಾರ್ಚೂ ಇಲ್ಲದೆ ಹೊರಡುವುದೇ ಇಲ್ಲ. ಟಾರ್ಚು ನಳಿಗೆಗೆ. ಅಂದಿನ ಗುಂಡಿನ ಮಸಿ ಉಕ್ಕನ್ನು ತಿನ್ನುತ್ತಿತ್ತು. ಸಿಪಾಯಿಗಳು ಕುದಿಯುವ ನೀರು ಹೊಯ್ದು ತೊಳೆಯುತ್ತಿದ್ದರು. ತೊಳೆಯದೆ ಬಿಟ್ಟಿದ್ದರೆ ನಳಿಗೆಯೊಳಗಿನ ಐದು ಸುರುಳಿ ಗೆರೆಗಳ ನಡುವೆ ಕಪ್ಪು ಕುಳಿಗಳು ಇಂದಿಗೂ ಕಾಣುತ್ತವೆ.

ಕೆಲವು ಇಶಾಪುರದವಕ್ಕೆ ಮುಂಗಟ್ಟಿನ ಸುತ್ತ ತಾಮ್ರದ ತಂತಿ ಬಿಗಿದಿರುತ್ತದೆ. ಗ್ರೆನೇಡ್ ಎಸೆಯುವಾಗ ಮರ ಸೀಳದಿರಲೆಂದು ಸುತ್ತಿದ್ದದ್ದು. ಅಂದವಾಗಿಲ್ಲವೆಂದು ಬಿಚ್ಚಿಹಾಕಿದವರಿದ್ದಾರೆ. ದಯವಿಟ್ಟು ಬಿಚ್ಚಬೇಡಿ. ಮರವನ್ನು ಮರಳುಕಾಗದದಿಂದ ತಿಕ್ಕಲೂಬೇಡಿ, ಮುದ್ರೆಗಳೆಲ್ಲ ಪುಡಿಯಾಗಿ ಉದುರುತ್ತವೆ. ಅಂಗೈಯಲ್ಲಿ ಒಂದಿಷ್ಟು ಅಗಸೆ ಎಣ್ಣೆ ಹಾಕಿಕೊಂಡು ಬೆಚ್ಚಗಾಗುವವರೆಗೆ ನೀವಿದರೆ ಸಾಕು.

ಇದರ ತಮ್ಮನಂಥ 2ಎ1 ಕೂಡ ನನ್ನಲ್ಲಿದೆ. 1962ರ ಚೀನಾ ಯುದ್ಧದ ನಂತರ ಇಶಾಪುರದಲ್ಲೇ ರೂಪುಗೊಂಡ ವಂಶದ್ದು. ಗುಂಡು 7.62 ಮಿ.ಮೀ., ಮ್ಯಾಗಜೀನ್ ಚೌಕನೆಯದು, ಹನ್ನೆರಡು ಗುಂಡಿನದು. ಹಳೆಯ ತ್ರೀ ನಾಟ್ ತ್ರೀಯನ್ನೇ ಕೊರೆದು ಮಾಡಿದ್ದೆಂದು ಮಾರುವವರೇ ಹೇಳುವುದುಂಟು. ತಪ್ಪು, ಇನ್ನೂ ಗಟ್ಟಿ ಉಕ್ಕಿನಲ್ಲಿ ಹೊಸದಾಗಿಯೇ ಮಾಡಿದ್ದು. ಅದರ ಮೇಲೆ ಕಿರೀಟವಿಲ್ಲ, ಅಶೋಕನ ಸಿಂಹಗಳಿವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಸುಮ್ಮನೆ ನೋಡುತ್ತ ಕೂತ ಸಂಜೆಗಳು ಎಷ್ಟೋ.

ಐವತ್ತು ವರ್ಷ ದಾಟಿದ ಬಂದೂಕು ಸಂಗ್ರಹಿಸುವವರಿಗೆ ಅಮೆರಿಕದಲ್ಲಿ ಬೇರೆಯದೇ ಪರವಾನಗಿ ಇದೆ. ಮೂರು ವರ್ಷಕ್ಕೆ 30 ಡಾಲರ್. ಕೊಂಡದ್ದು, ಕೊಟ್ಟದ್ದು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೇಳದಲ್ಲಿ ಕೊಂಡ ಆ 1942ರ ರೈಫಲ್ಲನ್ನೂ ಅಂದೇ ಬರೆದುಕೊಂಡೆ.

ರಾತ್ರಿ ಊಟವಾದ ಮೇಲೆ ಅದರ ಬಟ್ಟಿನ ಹಿತ್ತಾಳೆಯ ಪುಟ್ಟ ಬಾಗಿಲನ್ನು ಉಗುರಿನಿಂದ ಎಬ್ಬಿದೆ. ಒಳಗೆ ಎಣ್ಣೆಬುಡ್ಡಿ ಇತ್ತು. ಅದರ ಮೇಲೆ ನಳಿಗೆ ಒರೆಸುವ ಪುಲ್‌ತ್ರೂ ದಾರ, ತುದಿಯಲ್ಲಿ ಕಪ್ಪಾದ ಒಂದು ಚೂರು ಚಿಂದಿ. ನಮ್ಮ ಹವಾಲ್ದಾರರು ಎರಡು ಬೆರಳಿಗೆ ಸುತ್ತಿ, ಕೊನೆಯ ಎಳೆಯನ್ನು ನಡುವೆ ಸಿಕ್ಕಿಸಿ ಒಳಗಿಡಲು ಕಲಿಸಿದ್ದರಲ್ಲ, ಅದು ಹಾಗೆಯೇ ಸುತ್ತಿತ್ತು.